ಉದಕಮಂಡಲದಲ್ಲಿ ಒಂದು ಹಸುರು ಮೇಜು

ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ ಉದಕಮಂಡಲವನ್ನು ನೋಡಿಯೇ ಇರುವರು. ಆದುದರಿಂದ ಅಲ್ಲಿನ ಹೂದೋಟವನ್ನೂ ಕೆರೆಯನ್ನೂ ದೊಡ್ಡಬೆಟ್ಟವನ್ನೂ ವರ್ಣಿಸಿ ಪುಟ ತುಂಬಿಸುವುದು ನನ್ನ ಉದ್ದೇಶವಲ್ಲ. ಕಳೆದ ವೈಶಾಖದಲ್ಲಿ ನಾನು ಆ ಬೆಟ್ಟವನ್ನು ಹತ್ತಿದುದು ತಂಪಿಗಾಗಿಯೂ ಅಲ್ಲ, ನೋಟಕ್ಕಾಗಿಯೂ ಅಲ್ಲ. ಒಂದು ಆಟಕ್ಕೆ ಕಟ್ಟಳೆ ಹುಟ್ಟಿದ ಸ್ಥಳವನ್ನು ಕಾಣುವುದಕ್ಕಾಗಿ. ಜೀವಮಾನವೆಲ್ಲ ಅಮರಕೋಶವನ್ನೂ ಶಬ್ದರೂಪಗಳನ್ನೂ ಹುಡುಗರ ಬಾಯಲ್ಲಿ ಹೇಳಿಸಿದ ಮುದಿ ಮೇಷ್ಟರಿಗೆ ಕೋಲು ಚೆಂಡಿನ ಆಟದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನನ್ನ ಮನೆಯವಳು ಕೇಳಿಯೇ ಕೇಳಿದಳು.

ಕಾರಣ ನನ್ನ ಸೋದರಳಿಯ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ, ಇಪ್ಪತ್ತು ವರ್ಷದವನು, ವಾಣಿಜ್ಯಶಾಸ್ತ್ರವನ್ನು ಓದುತ್ತಿರುವನು, ಓದುವುದಕ್ಕಿಂತ ಹೆಚ್ಚಾಗಿ ಸ್ನೂಕರ್ ಆಡುವನು. ಬೆಂಗಳೂರಿನ ಹುಡುಗರಿಗೆ ಈ ಹುಚ್ಚು ಹತ್ತಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅದೇ ಊರಿನಲ್ಲಿ ಅರವಿಂದ ಸವೂರರ ಬಳಿ ಕಲಿತ ಪಂಕಜ ಆಡ್ವಾಣಿಯವರು 2003ರಲ್ಲಿ ಚೀನಾ ದೇಶದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿಯನ್ನು ಗೆದ್ದಾಗ ಅವರಿಗೆ ಹದಿನೆಂಟೇ ವರ್ಷ. ನಮ್ಮ ಹುಡುಗನು ಅಂತಹ ಎತ್ತರದವನಲ್ಲ. ಆದರೂ ಪಂದ್ಯಗಳಲ್ಲಿ ನಾಲ್ಕಾರು ಸುತ್ತು ಮುಂದೆ ಹೋಗುವಷ್ಟು ಕೈ ಕುದುರಿದವನು. ಮಾಘಮಾಸದಲ್ಲಿ ಒಂದು ಪಂದ್ಯದ ಕೊನೆಯ ಫ್ರೇಮಿನಲ್ಲಿ, ಗೆಲುವು ಅಂಗೈಯಲ್ಲಿದ್ದಾಗ, ಒಂದು ಹೊಡೆತವನ್ನು ತಪ್ಪಿ ಸೋತನು. ಅಂದಿನಿಂದ ಮಾತಿಲ್ಲ, ಕಥೆಯಿಲ್ಲ. ಅವನ ತಂದೆಯವರು, “ಬಿಟ್ಟುಬಿಡು, ಓದು” ಎಂದರು. ತಂಗಿ ಫೋನು ಮಾಡಿ, “ಅಣ್ಣಾ, ನೀನು ಹೇಳಿದರೆ ಕೇಳುತ್ತಾನೆ. ಆಡುವುದಾದರೆ ಆಡಲಿ, ಬಿಡುವುದಾದರೆ ಬಿಡಲಿ, ಹೀಗೆ ಗೋಡೆ ನೋಡುತ್ತ ಕೂತಿರುವುದನ್ನು ಮಾತ್ರ ನಾನು ನೋಡಲಾರೆ” ಎಂದಳು. ನಾನು ಅವನನ್ನು ಮೈಸೂರಿಗೆ ಕರೆಸಿಕೊಂಡು, ಊಟಿಗೆ ಹೋಗೋಣವೇ ಎಂದೆನು. ತಲೆಯಾಡಿಸಲಿಲ್ಲ. ಸ್ನೂಕರಿನ ಕಟ್ಟಳೆಗಳನ್ನು ಬರೆದು ತೂಗುಹಾಕಿದ ಕ್ಲಬ್ಬು ಅಲ್ಲಿಯೇ ಇದೆಯಂತಲ್ಲ ಎಂದಾಗ ಎದ್ದು ಚೀಲ ಕಟ್ಟಿದನು.

ಬೆಳಗಿನ ಬಸ್ಸಿನಲ್ಲಿ ಹೊರಟೆವು. ನಂಜನಗೂಡು, ಗುಂಡ್ಲುಪೇಟೆ ಕಳೆಯುವವರೆಗೆ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಬಂಡೀಪುರದ ಕಾಡನ್ನು ಹೊಕ್ಕ ಮೇಲೆ ರಸ್ತೆಯ ಅಂಚಿನಲ್ಲಿ ಜಿಂಕೆಯ ಹಿಂಡೊಂದು ಕಂಡಿತು. ಅವುಗಳಲ್ಲಿ ಒಂದು, ತಲೆಯೆತ್ತಿ ಬಸ್ಸನ್ನು ನೋಡಿ, ದಾಟುವುದೋ ನಿಲ್ಲುವುದೋ ಎಂದು ಒಂದು ಕ್ಷಣ ತಡೆದು, ಹಿಂದಕ್ಕೆ ಸರಿಯಿತು. ಹುಡುಗನು, “ಮಾವ, ಅದು ಸರಿಯಾಗಿ ಮಾಡಿತು” ಎಂದನು. ಅಲ್ಲಿಂದ ಮುಂದೆ ಮಾತು ತಾನಾಗಿ ಹರಿಯಿತು.

ಆಟವನ್ನು ಅರಿಯದ ಓದುಗರಿಗಾಗಿ ಅವನು ಹೇಳಿದುದನ್ನು ಸಂಗ್ರಹವಾಗಿ ಹೇಳುವೆನು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು; ಮೇಲೆ ಹಸುರು ಬನಾತು; ಸುತ್ತ ರಬ್ಬರಿನ ಅಂಚು; ಆರು ಕಡೆ ಆರು ಪಾಕೆಟ್ಟುಗಳು. ಕೋಲಿನಿಂದ ಹೊಡೆಯತಕ್ಕುದು ಬಿಳಿಯ ಚೆಂಡೊಂದನ್ನೇ. ಅದು ಹೋಗಿ ತಗುಲಿದ ಚೆಂಡು ಪಾಕೆಟ್ಟಿಗೆ ಬೀಳಬೇಕು. ಕೆಂಪು ಚೆಂಡು ಹದಿನೈದು, ಒಂದೊಂದಕ್ಕೆ ಒಂದೊಂದು ಅಂಕ. ಹಳದಿಗೆ 2, ಹಸುರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಕೆಂಪೆಲ್ಲ ಮುಗಿದ ಮೇಲೆ ಬಣ್ಣದವುಗಳನ್ನು ಇದೇ ಕ್ರಮದಲ್ಲಿ ಬೀಳಿಸಬೇಕು. ಬಿದ್ದಷ್ಟು ಕಾಲವೂ ಆಡುತ್ತಿರಬಹುದು. ತಪ್ಪಿದರೆ ಸರದಿ ಎದುರಾಳಿಯದು. ಇಷ್ಟೇ ಆಗಿದ್ದರೆ ಇದು ಗುರಿಯ ಆಟವಾಗುತ್ತಿತ್ತು. ಆದರೆ ಆಟಗಾರನು ಬೇಕೆಂದೇ ಬೀಳಿಸದೆ, ಬಿಳಿಯ ಚೆಂಡನ್ನು ದೂರದ ಅಂಚಿಗೋ ಬೇರೊಂದು ಚೆಂಡಿನ ಮರೆಗೋ ಕಳುಹಿಸಿ, ಎದುರಾಳಿಗೆ ದಾರಿಯೇ ಇಲ್ಲದಂತೆ ಮಾಡಬಹುದು. ಇದಕ್ಕೆ ಸೇಫ್ಟಿ ಎನ್ನುವರು. ನಾನು ಕಾಪಿನ ಹೊಡೆತವೆಂದು ಕರೆದೆನು. ಹುಡುಗನು ನಕ್ಕನಾದರೂ ಒಪ್ಪಿದನು.

ಬಳಿಕ ವೃತ್ತಪತ್ರಿಕೆಯ ಅಂಚಿನಲ್ಲಿ ಮೇಜಿನ ಚಿತ್ರವನ್ನು ಬರೆದು ತನ್ನ ಸೋಲನ್ನು ತೋರಿಸಿದನು. ಮೇಜಿನಲ್ಲಿ ಉಳಿದಿದ್ದುದು ಗುಲಾಬಿ, ಕಪ್ಪು ಎರಡೇ. ಅವನು ಎಂಟು ಅಂಕ ಮುಂದಿದ್ದನು. ಗುಲಾಬಿಯೊಂದನ್ನು ಬೀಳಿಸಿದರೆ ಹದಿನಾಲ್ಕರ ಮುನ್ನಡೆ, ಉಳಿಯುವುದು ಏಳೇ, ಆಟ ಮುಗಿದಂತೆ. ಎದುರಾಳಿಗಾದರೋ ಎರಡೂ ಬೇಕು. ಗುಲಾಬಿಯು ದೂರದಲ್ಲಿ ಅಂಚಿಗೆ ಹತ್ತಿರವಿತ್ತು. ಮೂಲೆಯ ಪಾಕೆಟ್ಟು ಕಾಣುತ್ತಿತ್ತು. ಹತ್ತರಲ್ಲಿ ಐದು ಸಲ ಬೀಳುವ ಹೊಡೆತ. ಹೊಡೆದನು. ಚೆಂಡು ಪಾಕೆಟ್ಟಿನ ಬಾಯಲ್ಲಿ ತಡವರಿಸಿ ನಿಂತುಬಿಟ್ಟಿತು. ಎದುರಾಳಿಯು ಬಂದು ಎರಡನ್ನೂ ಬೀಳಿಸಿದನು. ಐದು ಅಂಕದ ಸೋಲು.

“ಕಾಪಿನ ಹೊಡೆತ ಆಡಬಹುದಾಗಿತ್ತಲ್ಲಪ್ಪ” ಎಂದೆನು.

“ಅಪ್ಪನೂ ಅದೇ ಹೇಳಿದರು, ಮಾವ. ಬಿದ್ದಿದ್ದರೆ ಎಲ್ಲರೂ ಧೈರ್ಯ ಅಂತಿದ್ದರು. ಬೀಳಲಿಲ್ಲ, ಅದಕ್ಕೆ ಅವಿವೇಕ ಅಂತಾರೆ. ಚೆಂಡು ಅರ್ಧ ಅಂಗುಲ ಆಚೆ ಹೋದರೆ ನನ್ನ ಬುದ್ಧಿಯೇ ಬೇರೆಯಾಗಿಬಿಡತ್ತಾ?”

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷ ಪರೀಕ್ಷೆಯ ಫಲಿತಾಂಶವನ್ನು ನೋಡಿ ಹುಡುಗರ ಬುದ್ಧಿಯನ್ನು ನಿರ್ಣಯಿಸಿದವನು ನಾನು. ಬಸ್ಸು ಗೂಡಲೂರನ್ನು ದಾಟಿ ಘಟ್ಟವನ್ನೇರತೊಡಗಿತು. ನಡುವಟ್ಟದ ಮೇಲೆ ಚಹದ ತೋಟಗಳು, ಪೈಕಾರದ ಕಡೆಗೆ ನೀಲಗಿರಿ ಮರಗಳ ತೋಪುಗಳು. ತಣ್ಣನೆಯ ಗಾಳಿ ಕಿಟಕಿಯಿಂದ ಬಂದಿತು. ಇಬ್ಬರೂ ಸುಮ್ಮನಿದ್ದೆವು.

ಊರಿನ ಹೆಸರಿನ ವಿಷಯದಲ್ಲಿ ನನ್ನದೊಂದು ತಪ್ಪೊಪ್ಪಿಗೆಯುಂಟು. ಉದಕಮಂಡಲವೆಂದರೆ ನೀರಿನ ಮಂಡಲ, ಸಂಸ್ಕೃತಶಬ್ದ, ಎಂದು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೆನು. ಬಲ್ಲವರು ಹೇಳುವುದು ಬೇರೆ. ಮಂದು ಎಂಬುದು ತೋಡರ ಹಟ್ಟಿಯ ಹೆಸರು. ಒಂಟಿಕಲ್ಲಿನ ಮಂದು ಎಂಬರ್ಥದ ಸ್ಥಳೀಯ ಹೆಸರಿಗೆ ನಮ್ಮವರು ಸಂಸ್ಕೃತದ ಪೀತಾಂಬರವನ್ನು ಉಡಿಸಿದರು. ನನ್ನಂತಹ ಪಂಡಿತರ ಕೈಗೆ ಸಿಕ್ಕಿದ ಹೆಸರಿಗೆ ಇದೇ ಗತಿ.

ಮಧ್ಯಾಹ್ನ ಊಟವಾದ ಮೇಲೆ ಸೇಂಟ್ ಸ್ಟೀಫನ್ ಚರ್ಚಿನ ಕಡೆಗೆ ನಡೆದೆವು. 1830ರ ಸುಮಾರಿನ ಕಟ್ಟಡ. ಅದರ ಮರಮುಟ್ಟು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುಸುಲ್ತಾನನ ಅರಮನೆಯಿಂದ ಬಂದುದು. ಅಷ್ಟು ತೂಕದ ತೊಲೆಗಳನ್ನು ಆ ಕಾಲದಲ್ಲಿ ಈ ಘಟ್ಟದ ಮೇಲಕ್ಕೆ ಹೇಗೆ ಏರಿಸಿದರೋ ಎಂದು ತಲೆಯೆತ್ತಿ ನೋಡುತ್ತ ನಿಂತೆನು. ಹುಡುಗನಿಗೆ ಅವಸರ. ಕ್ಲಬ್ಬು ಅಲ್ಲಿಗೆ ಸಮೀಪದಲ್ಲಿಯೇ ಇದೆ. ಸರ್ ವಿಲಿಯಂ ರಂಬೋಲ್ಡ್ ಎಂಬವನು 1830ರ ದಶಕದ ಆರಂಭದಲ್ಲಿ ಕಟ್ಟಿಸಿದ ಮನೆಯಲ್ಲಿ 1841ರಲ್ಲಿ ಕ್ಲಬ್ಬು ಸ್ಥಾಪಿತವಾಯಿತು. ಸದಸ್ಯರಿಗೂ ಅವರ ಅತಿಥಿಗಳಿಗೂ ಮಾತ್ರ ಪ್ರವೇಶ. ನಾವು ಎರಡೂ ಅಲ್ಲ. ಕಟ್ಟಳೆಯ ಜನ್ಮಸ್ಥಾನದಲ್ಲಿ ಕಟ್ಟಳೆ ಮುರಿಯುವುದು ಉಚಿತವಲ್ಲವೆಂದು ಹೊರಗಿನಿಂದಲೇ ಬಿಳಿಯ ಗೋಡೆಯನ್ನೂ ಕಂಬಗಳನ್ನೂ ನೋಡಿದೆವು. ಒಳಗಿನ ಯಾವುದೋ ಕೋಣೆಯಲ್ಲಿ ಮೇಜಿರುವುದೆಂದು ಹುಡುಗನು ಬಹಳ ಹೊತ್ತು ನೋಡುತ್ತ ನಿಂತನು. ಕಾಶಿಗೆ ಹೋಗಿ ಗೋಪುರವನ್ನಷ್ಟೇ ಕಂಡವರ ಮುಖ ಹಾಗಿರುವುದು.

ಅಲ್ಲಿ ನಡೆದ ಕಥೆ ಇದು. 1875ರಲ್ಲಿ ಜಬ್ಬಲಪುರದ ದಂಡಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಹತ್ತೊಂಬತ್ತು ವರ್ಷದ ಸೈನ್ಯಾಧಿಕಾರಿಯಿದ್ದನು. (ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ಅದೇ ಹೆಸರಿನವನು ಬೇರೆ.) ಮಳೆಗಾಲದ ಮಧ್ಯಾಹ್ನಗಳಲ್ಲಿ ಅಧಿಕಾರಿಗಳು ಪಣವಿಟ್ಟು ಪೂಲ್ ಎಂಬ ಆಟವನ್ನು ಆಡುವರು. ಅವನು ಕೆಂಪು ಚೆಂಡುಗಳ ಜೊತೆಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸದೊಂದು ಆಟ ಮಾಡಿದನು. ಸುಲಭವಾದ ಚೆಂಡೊಂದನ್ನು ಒಬ್ಬನು ತಪ್ಪಿದಾಗ ಚೇಂಬರ್ಲೇನನು ಅವನನ್ನು ‘ಸ್ನೂಕರ್’ ಎಂದು ಹಾಸ್ಯಮಾಡಿದನು. ಇಂಗ್ಲೆಂಡಿನ ವುಲ್ವಿಚ್ ಸೈನಿಕಶಾಲೆಯಲ್ಲಿ ಮೊದಲ ವರ್ಷದ ಹಸುಗೂಸುಗಳಿಗೆ ಹಿರಿಯರು ಇಟ್ಟಿದ್ದ ಹೆಸರು ಅದು. ಬಳಿಕ, ಈ ಆಟದಲ್ಲಿ ನಾವೆಲ್ಲರೂ ಸ್ನೂಕರುಗಳೇ ಎಂದು ಸಮಾಧಾನಮಾಡಿದನಂತೆ. ಹೆಸರು ಆಟಕ್ಕೆ ಅಂಟಿಕೊಂಡಿತು. ಆಫ್ಘನ್ ಯುದ್ಧದಲ್ಲಿ ಗಾಯಗೊಂಡು, ಮದರಾಸು ಸೈನ್ಯದ ದಂಡನಾಯಕ ರಾಬರ್ಟ್ಸನ ಪರಿವಾರದಲ್ಲಿ ಸೇರಿ, ಬೇಸಗೆಯಲ್ಲಿ ಉದಕಮಂಡಲಕ್ಕೆ ಬರತೊಡಗಿದನು. 1882ರಲ್ಲಿ ಕಟ್ಟಳೆಗಳನ್ನು ಬರೆದು ಈ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಹಾಕಿದರು. ಇದನ್ನೆಲ್ಲ ಅವನೇ ಎಂಬತ್ತು ದಾಟಿದ ಮೇಲೆ, 1938ರಲ್ಲಿ, ಒಂದು ಇಂಗ್ಲಿಷ್ ಪತ್ರಿಕೆಗೆ ಬರೆದು ತಿಳಿಸಿದನು. ತಪ್ಪಿದವನನ್ನು ಅಣಕಿಸಿದ ಮಾತೇ ಆಟದ ಹೆಸರಾಯಿತೆಂಬುದು ನಮ್ಮ ಹುಡುಗನಿಗೆ ತುಸು ಸಮಾಧಾನ ತಂದಂತೆ ಕಂಡಿತು. ಇಂದು ಆ ಶಬ್ದಕ್ಕೆ ಇನ್ನೊಂದು ಅರ್ಥವೂ ಬಂದಿದೆ: ಚೆಂಡಿನ ಮರೆಯಲ್ಲಿ ಎದುರಾಳಿಯನ್ನು ಸಿಕ್ಕಿಸುವುದು.

ರಾತ್ರಿ ವಸತಿಗೃಹದಲ್ಲಿ ಕಂಬಳಿ ಹೊದ್ದುಕೊಂಡು ಕುಳಿತಾಗ ಅವನು ತನ್ನ ಫೋನಿನಲ್ಲಿ ಹಳೆಯ ಪಂದ್ಯವೊಂದನ್ನು ತೋರಿಸಿದನು. 1985ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಕ್ರೂಸಿಬಲ್ ನಾಟಕಶಾಲೆಯಲ್ಲಿ ನಡೆದ ವಿಶ್ವಪ್ರಶಸ್ತಿಯ ಅಂತಿಮ ಪಂದ್ಯ. ಸ್ಟೀವ್ ಡೇವಿಸ್ ಮೊದಲ ಎಂಟು ಫ್ರೇಮುಗಳನ್ನೂ ಗೆದ್ದನು. ಅಗಲವಾದ ಕನ್ನಡಕದ ಡೆನ್ನಿಸ್ ಟೇಲರ್ ಒಂದೊಂದಾಗಿ ಹಿಂದಕ್ಕೆ ಗಳಿಸಿ ಹದಿನೇಳು ಹದಿನೇಳು ಮಾಡಿದನು. ಕೊನೆಯ ಫ್ರೇಮು ಒಂದಕ್ಕೇ 68 ನಿಮಿಷ. ಮುಗಿದುದು ನಡುರಾತ್ರಿ ಕಳೆದ ಮೇಲೆ. ಅದರಲ್ಲಿ ಡೇವಿಸ್ 62, ಟೇಲರ್ 44. ಮೇಜಿನಲ್ಲಿ ನಾಲ್ಕು ಚೆಂಡು, ಒಟ್ಟು 22 ಅಂಕ. ಟೇಲರನಿಗೆ ನಾಲ್ಕೂ ಬೇಕು. ಕಂದು, ನೀಲಿ, ಗುಲಾಬಿ ಬಿದ್ದುವು. ಉಳಿದುದು ಕಪ್ಪೊಂದೇ, ಬೀಳಿಸಿದವನಿಗೆ ಜಗತ್ತಿನ ಪ್ರಶಸ್ತಿ. ಟೇಲರ್ ಪ್ರಯತ್ನಿಸಿ ತಪ್ಪಿದನು. ಕಾಪಿನ ಹೊಡೆತಗಳು ನಡೆದುವು. ಕೊನೆಗೆ ಡೇವಿಸನಿಗೆ ಒಂದು ತೆಳುವಾದ ಹೊಡೆತ ದೊರೆಯಿತು, ಹೊಡೆದನು, ತಪ್ಪಿದನು. ಟೇಲರ್ ಬೀಳಿಸಿದನು. ಪಂದ್ಯದಲ್ಲಿ ಅವನು ಮುಂದಾದುದು ಅದೇ ಮೊದಲು, ಅದೇ ಕೊನೆ.

“ಇವನೂ ನಿನ್ನಂತೆಯೇ ಮಾಡಿದನಲ್ಲ” ಎಂದೆನು.

ಹುಡುಗನು ಬಹಳ ಹೊತ್ತು ಯೋಚಿಸಿ, “ಇಲ್ಲ ಮಾವ, ಒಂದೇ ಅಲ್ಲ. ಅಲ್ಲಿ ಇದ್ದದ್ದು ಒಂದೇ ಚೆಂಡು, ಇಬ್ಬರಿಗೂ ಅದೇ ಬೇಕು. ಕಾದರೂ ಡೇವಿಸ್‌ಗೆ ಹೆಚ್ಚಿನದೇನೂ ಸಿಗುತ್ತಿರಲಿಲ್ಲ. ಮುಂದಿನ ಅವಕಾಶ ಇನ್ನೊಬ್ಬನಿಗೇ ಸಿಗಬಹುದು. ಅವನು ಹೊಡೆದದ್ದು ಸರಿ. ಕೈ ತಪ್ಪಿತು, ಅಷ್ಟೆ. ನನಗೆ ಒಂದು ಸಾಕಿತ್ತು, ಅವನಿಗೆ ಎರಡು ಬೇಕಿತ್ತು” ಎಂದನು.

ಇಷ್ಟು ಹೇಳುವಷ್ಟರಲ್ಲಿ ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಕೊಂಡಂತಾಯಿತು. ನನಗೆ ಆಗ ಕೌಟಿಲ್ಯನು ನೆನಪಿಗೆ ಬಂದನು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚುಹಾಕಿಸಿದವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಆದುದರಿಂದ ಮೈಸೂರಿನ ಮೇಷ್ಟರು ಅದನ್ನು ಎಲ್ಲಿ ಬೇಕಾದರೂ ತಂದರೆ ಓದುಗರು ಕ್ಷಮಿಸಬೇಕು. ಅದರ ಏಳನೆಯ ಅಧಿಕರಣದಲ್ಲಿ ರಾಜನ ಆರು ನೀತಿಗಳು ಹೇಳಲ್ಪಟ್ಟಿವೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಯಾನವೆಂದರೆ ದಂಡೆತ್ತಿ ಹೋಗುವುದು. ಆಸನವೆಂದರೆ ಇದ್ದಲ್ಲಿ ಇರುವುದು. ಎರಡರಿಂದಲೂ ಸಮಾನವಾದ ಲಾಭವೆಂದು ಕಂಡರೆ ಆಸನವೇ ಲೇಸು, ಏಕೆಂದರೆ ದಂಡಯಾತ್ರೆಯಲ್ಲಿ ನಷ್ಟವುಂಟು, ವ್ಯಯವುಂಟು, ಎಂಬುದು ಅವನ ಅಭಿಪ್ರಾಯ. ಆಸನವು ಹೇಡಿತನವಲ್ಲ, ಅದೂ ಒಂದು ಗುಣ, ವಿಗ್ರಹದ ಸಾಲಿನಲ್ಲಿಯೇ ಎಣಿಸಲ್ಪಟ್ಟದ್ದು. ಎರಡು ಚೆಂಡು ಬೇಕಾದವನು ಇಂದಲ್ಲ ನಾಳೆ ಕೋಟೆಯಿಂದ ಹೊರಗೆ ಬರಲೇಬೇಕು. ಒಂದು ಸಾಕಾದವನು ಬಾಗಿಲು ಮುಚ್ಚಿ ಕುಳಿತರೆ ಕಾಲವು ಅವನಿಗಾಗಿ ದುಡಿಯುವುದು. ಹುಡುಗನ ಗುಲಾಬಿಯು ಬಿದ್ದಿದ್ದರೂ ಆ ಹೊಡೆತದ ಆಯ್ಕೆ ತಪ್ಪೇ. ಡೇವಿಸನ ಕಪ್ಪು ಬೀಳದಿದ್ದರೂ ಆಯ್ಕೆ ತಪ್ಪಲ್ಲ. ಇದನ್ನು ಕೇಳಿ ಅವನು ಬೇಸರಪಡುವನೆಂದಿದ್ದೆನು. ಹಗುರವಾದನು.

ಆದರೆ ವ್ಯಾಧಿಯ ಮೂಲ ಬೇರೆಡೆಯಲ್ಲಿತ್ತೆಂಬುದು ಮಾರನೆಯ ದಿನ ತಿಳಿಯಿತು. ಪೇಟೆಯ ಓಣಿಯೊಂದರಲ್ಲಿ, ಚಾಕೊಲೇಟು ಮಾರುವ ಅಂಗಡಿಯ ಮಹಡಿಯ ಮೇಲೆ, ಸ್ನೂಕರ್ ಮೇಜೊಂದು, ಪೂಲ್ ಮೇಜು ಎರಡು ಇದ್ದ ಕೋಣೆಯನ್ನು ಅವನು ಹುಡುಕಿದನು. ಅಲ್ಲಿನ ಮಾರ್ಕರು ನನ್ನ ವಯಸ್ಸಿನವನು, ಬಡಗನು. ಅವನ ಬಡಗ ಮಾತಿಗೂ ನನ್ನ ಕನ್ನಡಕ್ಕೂ ದಾಯಾದಿ ಸಂಬಂಧವಾದುದರಿಂದ ಹತ್ತು ನಿಮಿಷದಲ್ಲಿ ಒಬ್ಬರನ್ನೊಬ್ಬರು ತಿಳಿದುಕೊಂಡೆವು. ಅವನೂ ಹುಡುಗನೂ ಆಡತೊಡಗಿದರು. ನಮ್ಮವನು ಎಷ್ಟು ಜಾಣತನದಿಂದ ಬಿಳಿಯ ಚೆಂಡನ್ನು ಹಿಂದಿನ ಅಂಚಿಗೆ ತಂದು ನಿಲ್ಲಿಸುವನೆಂದು ನಾನು ಹಿಗ್ಗುತ್ತ ಕುಳಿತೆನು. ಮಾರ್ಕರನು ಹಿಗ್ಗಲಿಲ್ಲ. ತೆರೆದುಕೊಂಡಿದ್ದ ಕೆಂಪು ಚೆಂಡನ್ನು ಹುಡುಗನು ಎರಡನೆಯ ಸಲ ಬಿಟ್ಟಾಗ ಅವನು ಕೋಲನ್ನು ಗೋಡೆಗೆ ಆನಿಸಿ, ಕಾಪಿನ ಹೊಡೆತವೆಂಬುದು ಎದುರಿನವನನ್ನು ಕಷ್ಟಕ್ಕೆ ಸಿಕ್ಕಿಸುವುದಕ್ಕೆ, ನೀನು ಸುಖವಾಗಿರುವುದಕ್ಕಲ್ಲ, ಎಂದು ತನ್ನ ಮಾತಿನಲ್ಲಿ ಹೇಳಿದನು. ಹುಡುಗನ ಕಿವಿ ಕೆಂಪಾಯಿತು. ಆ ಫ್ರೇಮನ್ನು ಮಾರ್ಕರನೇ ಗೆದ್ದನು.

ಆ ಮಾತು ನನಗೂ ತಾಗಿತು. ಉದ್ಯೋಗದಲ್ಲಿದ್ದಾಗ ಎರಡು ಸಲ ನನಗೆ ಬೇರೆ ಊರಿನ ಕಾಲೇಜಿನಿಂದ ಕರೆ ಬಂದಿತ್ತು, ಹೋಗಲಿಲ್ಲ. ಅದನ್ನು ಆಸನವೆಂದು ಹೆಸರಿಟ್ಟು ಇಟ್ಟುಕೊಂಡಿದ್ದೆನು. ಅದು ಆಸನವೋ, ಸುಖವಾಗಿರುವ ಆಸೆಯೋ, ಈಗ ಪರೀಕ್ಷಿಸುವ ಉಪಾಯವಿಲ್ಲ. ಆದರೆ ಹುಡುಗನ ಮೇಜು ಮುಂದೆಯೇ ಇತ್ತು.

ಅವನು ಗುಲಾಬಿಯನ್ನೂ ಕಪ್ಪನ್ನೂ ಅಂದಿನಂತೆ ಇಟ್ಟನು. ಮಾರ್ಕರನು ಎದುರಾಳಿಯಾಗಲು ಒಪ್ಪಿದನು. ಮೊದಲು ಹತ್ತು ಸಲ ಮುನ್ನುಗ್ಗಿ ಹೊಡೆದನು: ಐದು ಬಿದ್ದುವು, ಐದು ತಪ್ಪಿದುವು, ತಪ್ಪಿದವುಗಳಲ್ಲಿ ನಾಲ್ಕು ಸಲ ಮಾರ್ಕರನು ಎರಡನ್ನೂ ತೆಗೆದನು. ಬಳಿಕ ಹತ್ತು ಸಲ ಕಾಪಿನ ಹೊಡೆತ. ಇದು ಸುಲಭವೆಂದು ತಿಳಿದಿದ್ದ ನಾನು ಬೆಪ್ಪಾದೆನು. ಗುಲಾಬಿಗೆ ಎಷ್ಟು ತೆಳುವಾಗಿ ತಾಗಬೇಕು, ಬಿಳಿಯದು ಎಷ್ಟು ವೇಗದಿಂದ ಮರಳಿ ಹಿಂದಿನ ಅಂಚನ್ನು ಸೇರಬೇಕು, ಇದರಲ್ಲಿ ಒಂದು ಗೇಣು ತಪ್ಪಿದರೆ ಕಾಪೇ ಎದುರಾಳಿಗೆ ಉಡುಗೊರೆಯಾಗುವುದು. ಎರಡು ಸಲ ಹಾಗೆಯೇ ಆಯಿತು. ಆದರೂ ಹತ್ತರಲ್ಲಿ ಏಳನ್ನು ಕೊನೆಗೆ ಹುಡುಗನೇ ಗೆದ್ದನು. ಹತ್ತು ಸಲ ಪ್ರಮಾಣವಲ್ಲವೆಂದೂ, ಪಂದ್ಯದ ದಿನದ ಕೈನಡುಕ ಇಲ್ಲಿಲ್ಲವೆಂದೂ ನಾನು ಬಲ್ಲೆ. ಹುಡುಗನು ಮಾತ್ರ ಆ ಅಂಕಿಗಳನ್ನು ಜೋಪಾನವಾಗಿ ಬರೆದುಕೊಂಡನು.

ಪಕ್ಕದ ಪೂಲ್ ಮೇಜಿನಲ್ಲಿ ಪ್ರವಾಸಿ ತರುಣರು ಗದ್ದಲದಿಂದ ಆಡುತ್ತಿದ್ದರು. ಪೂಲಿನ ಮೇಜು ಚಿಕ್ಕದು. ಪಂದ್ಯಗಳಿಗೆ ಒಂಬತ್ತು ಅಡಿ ಉದ್ದದ್ದು. ಚೆಂಡಿಗೆ ಹೋಲಿಸಿದರೆ ಪಾಕೆಟ್ಟು ಅಗಲ. ಆದುದರಿಂದ ಅಲ್ಲಿ ಮುನ್ನುಗ್ಗುವುದೇ ನೀತಿಯಾಗಿರಬೇಕೆಂದೆನು. ಹುಡುಗನು ಅರ್ಧ ಮಾತ್ರ ಒಪ್ಪಿದನು. ಸ್ನೂಕರಿನಲ್ಲಿ ಮರೆಯಲ್ಲಿ ಸಿಕ್ಕಿ ತಪ್ಪುಮಾಡಿದವನು ಕನಿಷ್ಠ ನಾಲ್ಕು ಅಂಕ ತೆರುವನು. ನೈನ್‌ಬಾಲ್ ಎಂಬ ಪೂಲಿನಲ್ಲಿ ಅಂಕದ ಮಾತೇ ಇಲ್ಲ. ತಪ್ಪುಮಾಡಿದರೆ ಎದುರಾಳಿಯು ಬಿಳಿಯ ಚೆಂಡನ್ನು ಕೈಯಲ್ಲಿ ಹಿಡಿದು ಮೇಜಿನಲ್ಲಿ ತನಗೆ ಬೇಕಾದಲ್ಲಿ ಇಟ್ಟುಕೊಳ್ಳಬಹುದು. ಬಲ್ಲವನ ಕೈಯಲ್ಲಿ ಅದು ಬಹುಮಟ್ಟಿಗೆ ಆಟವನ್ನೇ ಒಪ್ಪಿಸಿದಂತೆ. ಹೀಗಾಗಿ ಅಲ್ಲಿ ಬೀಳಿಸುವುದೂ ಸುಲಭ, ಅಡಗಿಸಿದರೆ ಫಲವೂ ದೊಡ್ಡದು. ನಡುವಿನ ಅರೆಮನಸ್ಸಿನ ಹೊಡೆತಕ್ಕೆ ಮಾತ್ರ ಕ್ಷಮೆಯಿಲ್ಲ.

ಎರಡನೆಯ ಫ್ರೇಮಿನಲ್ಲಿ ನಾನು ಕಂಡ ಒಂದು ಹೊಡೆತವನ್ನು ಹೇಳದೆ ಬಿಡಲಾರೆ. ಕೆಂಪು ಚೆಂಡೊಂದು ಮೇಜಿನ ಆಚೆಯ ತುದಿಯಲ್ಲಿ, ಮೂಲೆಯ ಪಾಕೆಟ್ಟಿಗೆ ಹೋಗಬಹುದಾದ ದಾರಿಯಲ್ಲಿತ್ತು. ಹುಡುಗನು ಮೇಜನ್ನು ಒಮ್ಮೆ ಸುತ್ತಿ ಬಂದು ಹೊಡೆದನು. ಕೆಂಪು ಪಾಕೆಟ್ಟಿನ ಅಂಚಿಗೆ ಬಡಿದು ತಪ್ಪಿತು. ನಾನು ಅಯ್ಯೋ ಎಂದೆನು. ಆದರೆ ಬಿಳಿಯ ಚೆಂಡು ಆಚೆಯ ಅಂಚಿಗೆ ತಾಗಿ, ಇಡೀ ಮೇಜನ್ನು ಹಾದು, ಹಿಂದಿನ ಅಂಚಿನಲ್ಲಿ ಹಸುರು ಚೆಂಡಿನ ಮರೆಯಲ್ಲಿ ಬಂದು ಕುಳಿತಿತು. ಮಾರ್ಕರನಿಗೆ ಹೊಡೆಯಲು ಏನೂ ಇಲ್ಲ. ಬಿದ್ದಿದ್ದರೆ ಲಾಭ, ಬೀಳದಿದ್ದರೆ ನಷ್ಟವಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಬೇರೆಯೇ ಹೆಸರುಂಟಂತೆ. ಒಂದು ಚೆಂಡಿನೊಡನೆ ವಿಗ್ರಹ, ಇನ್ನೊಂದರೊಡನೆ ಸಂಧಿ: ಇದೇ ದ್ವೈಧೀಭಾವವೆಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆನು. ಪಾಠ ಹೇಳುವಾಗ ಆ ಆರನೆಯ ಗುಣಕ್ಕೆ ಒಳ್ಳೆಯ ದೃಷ್ಟಾಂತ ನನಗೆ ಎಂದೂ ಸಿಕ್ಕಿರಲಿಲ್ಲ. ಮಾರ್ಕರನಿಗೆ ಕೌಟಿಲ್ಯನ ಪರಿಚಯವಿಲ್ಲ. ಅವನು ಮೇಜಿನ ಅಂಚನ್ನು ಬೆರಳಿನಿಂದ ಎರಡು ಸಲ ತಟ್ಟಿದನು. ಅದು ಈ ಆಟದ ಭೇಷ್ ಎಂದು ಹುಡುಗನ ಮುಖದಿಂದ ತಿಳಿಯಿತು.

ಆ ಫ್ರೇಮು ಕೊನೆಯ ಕಪ್ಪಿನವರೆಗೆ ನಡೆಯಿತು. ಹುಡುಗನಿಗೆ ಉದ್ದನೆಯ ಹೊಡೆತ. ಕಾಪಿನ ಹೊಡೆತವೂ ಸಾಧ್ಯವಿತ್ತು. ಹಿಂದೆ ತಿರುಗಿ ನನ್ನ ಕಡೆಗೆ ನೋಡಲಿಲ್ಲ. ಹೊಡೆದನು, ತಪ್ಪಿದನು, ಮಾರ್ಕರನು ಬೀಳಿಸಿದನು. ಕೈ ಕುಲುಕಿ ನೀರು ಕುಡಿಯುವಾಗ ಹುಡುಗನು, “ಇದು ಸರಿಯಾಗಿತ್ತು ಮಾವ” ಎಂದನು. ನಗುತ್ತಿದ್ದನು.

ಸಂಜೆ ತಂಗಿಗೆ ಫೋನು ಮಾಡಿದೆನು. ಆಡುವನೋ ಬಿಡುವನೋ ಎಂದು ಕೇಳಿದಳು. ಅದನ್ನು ನಾನು ಕೇಳಲಿಲ್ಲವಮ್ಮ, ಊಟ ಮಾತ್ರ ಎರಡು ಸಲ ಬಡಿಸಿಕೊಂಡನು ಎಂದೆನು. ಅವಳಿಗೆ ಅಷ್ಟು ಸಾಕಾಯಿತು. ಅವನ ತಂದೆಯವರಿಗೆ ಸಾಲದೆಂದು ಬಲ್ಲೆ. ಅವರೊಡನೆ ಮಾತನಾಡುವ ಕೆಲಸ ಇನ್ನೂ ಉಳಿದಿದೆ.

ಮೂರನೆಯ ದಿನ ಬೆಳಗಿನ ಬಸ್ಸಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯಿಲ್ಲ. 2009ರಿಂದ ನಡೆದು ಬಂದಿರುವ ನಿಷೇಧವದು. ಪ್ರಾಣಿಗಳ ದೃಷ್ಟಿಯಿಂದ ಒಳ್ಳೆಯದೇ. ನಾನು ಇಂತಹ ವಿಷಯಗಳಲ್ಲಿ ಆರು ಗಂಟೆ ಮೊದಲೇ ಹೊರಡುವವನು. ಚೀಲವನ್ನು ಹೆಗಲಿಗೆ ಹಾಕಿಕೊಂಡ ಹುಡುಗನು ಬಾಗಿಲಲ್ಲಿ ನಿಂತು, “ಮಾವ, ಇನ್ನೊಂದು ಫ್ರೇಮ್ ಆಡಿ ಬರಲಾ?” ಎಂದನು. ಕೈಗಡಿಯಾರವನ್ನು ನೋಡಿದೆನು. ಮಧ್ಯಾಹ್ನ ಇನ್ನೊಂದು ಬಸ್ಸುಂಟೆಂದು ಯಾರೋ ಹೇಳಿದ್ದರು, ಯಾರೆಂದು ನೆನಪಿಲ್ಲ.

“ನಡೆ, ನಾನೂ ಬರುತ್ತೇನೆ” ಎಂದೆನು.